ಕಾರಿಲ್ಲದೆ ವಿದೇಶದಲ್ಲಿ ಸಂಸಾರ: ದಿನನಿತ್ಯದ ಓಡಾಟಕ್ಕೊಂದು ಸಮಗ್ರ ಮಾರ್ಗದರ್ಶಿ

ಕುಟುಂಬ ಸಮೇತ ಬೇರೆ ದೇಶಕ್ಕೆ ಹೊರಟವರು ಓಡಾಟದ ಲೆಕ್ಕವನ್ನು ಸಾಮಾನ್ಯವಾಗಿ ಕಚೇರಿಯಿಂದ ಶುರು ಮಾಡುತ್ತಾರೆ. ಕಚೇರಿ ಎಲ್ಲಿದೆ, ಅಲ್ಲಿಗೆ ಯಾವ ರೈಲು ಹೋಗುತ್ತದೆ ಎಂದು ನೋಡಿ ಮನೆ ಹಿಡಿಯುತ್ತಾರೆ. ಆದರೆ ಕಚೇರಿಗೆ ಹೋಗುವವರ ಪ್ರಯಾಣವೇ ಮನೆಯಲ್ಲಿ ಎಲ್ಲಕ್ಕಿಂತ ಸುಲಭವಾದದ್ದು. ಅವರು ದಿನಕ್ಕೆರಡು ಸಲ, ಒಬ್ಬರೇ, ಬೆನ್ನಿಗೊಂದು ಚೀಲ ಹಾಕಿಕೊಂಡು, ಬಸ್ಸು ರೈಲುಗಳು ಹೇರಳವಾಗಿ ಓಡುವ ಹೊತ್ತಿನಲ್ಲೇ ಹೋಗಿ ಬರುತ್ತಾರೆ. ಮಕ್ಕಳ ಹೊಣೆ ಹೊತ್ತವರ ದಿನ ಹಾಗಿರುವುದಿಲ್ಲ. ಒಂದು ಮಗುವನ್ನು ಶಾಲೆಗೆ ಬಿಟ್ಟು, ಇನ್ನೊಂದನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಔಷಧಿ ಅಂಗಡಿಗೆ ಹೋಗಿ, ದಿನಸಿ ತಂದು, ಮಧ್ಯಾಹ್ನ ಮತ್ತೆ ಶಾಲೆಯ ಬಾಗಿಲಲ್ಲಿ ನಿಲ್ಲಬೇಕು. ಇದೆಲ್ಲ ನಡೆಯುವುದು ಬಸ್ಸುಗಳು ವಿರಳವಾಗುವ ಹಗಲು ಹೊತ್ತಿನಲ್ಲಿ. ಆದ್ದರಿಂದ ಈ ಮಾರ್ಗದರ್ಶಿಯನ್ನು ಮಗುವಿನ ಕೈ ಹಿಡಿದು ನಡೆಯುವವರ ಕಡೆಯಿಂದ ಬರೆದಿದ್ದೇನೆ. ಅವರಿಗೆ ಸಾಗಿದ ದಾರಿ ಮನೆಯ ಉಳಿದವರಿಗೂ ಸಾಗುತ್ತದೆ.

ಹೆಜ್ಜೆ 1: ಹೊರಡುವ ಮುನ್ನ ಒಂದು ವಾರದ ಓಡಾಟವನ್ನು ಬರೆಯಿರಿ

ಒಂದು ಹಾಳೆಯಲ್ಲಿ ಸೋಮವಾರದಿಂದ ಭಾನುವಾರದವರೆಗೆ ಮನೆಯ ಪ್ರತಿಯೊಬ್ಬರೂ ಎಲ್ಲೆಲ್ಲಿಗೆ ಹೋಗಬೇಕಾಗುತ್ತದೆ ಎಂದು ಬರೆಯಿರಿ: ಶಾಲೆ, ಶಿಶುವಿಹಾರ, ಕಚೇರಿ, ದಿನಸಿ, ವೈದ್ಯರು, ಭಾಷಾ ತರಗತಿ, ಮಕ್ಕಳ ಆಟ, ಸ್ನೇಹಿತರ ಮನೆ. ಆಮೇಲೆ ಗಳಿಗೆ ತಪ್ಪಿಸಲಾಗದ ಪ್ರಯಾಣಗಳ ಕೆಳಗೆ ಗೆರೆ ಎಳೆಯಿರಿ. ದಿನಸಿ ತರುವುದನ್ನು ಮಧ್ಯಾಹ್ನಕ್ಕೋ ನಾಳೆಗೋ ಮುಂದೂಡಬಹುದು. ಶಾಲೆ ಬಿಡುವ ಹೊತ್ತನ್ನು ಯಾರೂ ಮುಂದೂಡುವುದಿಲ್ಲ, ಶಿಶುವಿಹಾರ ಬಾಗಿಲು ಹಾಕುವ ಹೊತ್ತನ್ನಂತೂ ಇಲ್ಲವೇ ಇಲ್ಲ. ಗೆರೆ ಎಳೆದ ಪ್ರಯಾಣಗಳಲ್ಲಿ ಸಾಧ್ಯವಾದಷ್ಟನ್ನು ಕಾಲ್ನಡಿಗೆಗೆ ತಂದುಬಿಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಶಾಲೆಗೆ ನಡೆದು ಹೋಗುವಂತಿದ್ದು ಕಚೇರಿಗೆ ಮುಕ್ಕಾಲು ಗಂಟೆ ರೈಲು ಹಿಡಿಯಬೇಕಾದ ಮನೆ, ಕಚೇರಿ ಪಕ್ಕದಲ್ಲಿದ್ದು ಶಾಲೆಗೆ ಎರಡು ಬಸ್ ಬದಲಿಸಬೇಕಾದ ಮನೆಗಿಂತ ಮೇಲು. ಕಚೇರಿಗೆ ಹೋಗುವವರು ಇದನ್ನು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಬಹುದು.

ಹೆಜ್ಜೆ 2: ಮನೆ ಹುಡುಕುವಾಗ ದೂರವನ್ನಲ್ಲ, ಬಸ್ಸುಗಳ ನಡುವಿನ ಅಂತರವನ್ನು ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ತೂಕವಿರುವ ಹೆಜ್ಜೆ ಇದು. ಮನೆಯೊಂದನ್ನು ಸರಿಯಾಗಿ ಹಿಡಿದರೆ ಮುಂದಿನ ತಪ್ಪುಗಳನ್ನು ತಿದ್ದಿಕೊಳ್ಳಬಹುದು. ಮನೆಯೇ ತಪ್ಪಿದರೆ ಯಾವ ಪಾಸೂ ಯಾವ ಆ್ಯಪ್ಪೂ ಕಾಪಾಡುವುದಿಲ್ಲ.

ಬಾಡಿಗೆ ಜಾಹೀರಾತಿನಲ್ಲಿ "ಬಸ್ ನಿಲ್ದಾಣ ಮೂರು ನಿಮಿಷದ ದೂರ" ಎಂದಿರುತ್ತದೆ. ಆ ನಿಲ್ದಾಣಕ್ಕೆ ಬಸ್ ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂದು ಯಾರೂ ಬರೆಯುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಬರುವ ಬಸ್ಸಿಗೆ ವೇಳಾಪಟ್ಟಿಯೇ ಬೇಕಿಲ್ಲ; ಹೋಗಿ ನಿಂತರೆ ಸರಾಸರಿ ಐದು ನಿಮಿಷದಲ್ಲಿ ಸಿಗುತ್ತದೆ, ಒಂದು ತಪ್ಪಿದರೂ ದಿನ ಕೆಡುವುದಿಲ್ಲ. ಅರ್ಧ ಗಂಟೆಗೊಮ್ಮೆ ಬರುವ ಬಸ್ಸಾದರೆ ಮಗು ಕೊನೆಯ ಗಳಿಗೆಯಲ್ಲಿ ಶೂ ಬಿಚ್ಚಿ ಎಸೆದ ಒಂದೇ ಕಾರಣಕ್ಕೆ ಬೆಳಗ್ಗೆ ಪೂರ್ತಿ ಹಾಳಾಗುತ್ತದೆ. ಮನೆಯ ಎದುರಿಗೇ ನಿಲ್ಲುವ, ಅರ್ಧ ಗಂಟೆಗೊಮ್ಮೆ ಬರುವ ಬಸ್ಸಿಗಿಂತ, ಹತ್ತು ನಿಮಿಷ ನಡೆದು ಹಿಡಿಯುವ, ಎಂಟು ನಿಮಿಷಕ್ಕೊಮ್ಮೆ ಬರುವ ಟ್ರಾಮ್ ಕುಟುಂಬಕ್ಕೆ ಒಳ್ಳೆಯದು. ನಾಲ್ಕು ವರ್ಷದ ಮಗುವಿನ ಜೊತೆ ಆ ಹತ್ತು ನಿಮಿಷದ ನಡಿಗೆಗೆ ಹದಿನೆಂಟೋ ಇಪ್ಪತ್ತೋ ನಿಮಿಷ ಹಿಡಿಯುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಇದನ್ನು ಊರು ತಲುಪುವ ಮುಂಚೆಯೇ ಪರೀಕ್ಷಿಸಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ಮನೆಯ ವಿಳಾಸ ಕೊಟ್ಟು, ಹೊರಡುವ ಸಮಯದ ಬದಲು ತಲುಪಬೇಕಾದ ಸಮಯವನ್ನು ಆಯ್ಕೆ ಮಾಡಿ. ನಾಲ್ಕು ಸಂದರ್ಭಗಳಲ್ಲಿ ನೋಡಿ: ವಾರದ ದಿನ ಬೆಳಗ್ಗೆ ಶಾಲೆಗೆ, ಮಧ್ಯಾಹ್ನ ಎರಡಕ್ಕೆ ವೈದ್ಯರಲ್ಲಿಗೆ, ರಾತ್ರಿ ಹತ್ತಕ್ಕೆ ಮನೆಗೆ, ಭಾನುವಾರ ಸಂಜೆ ಎಲ್ಲಿಗಾದರೂ. ಮೊದಲನೆಯದರ ಫಲಿತಾಂಶ ಬಹುತೇಕ ಎಲ್ಲ ಕಡೆಯೂ ಚೆನ್ನಾಗಿಯೇ ಬರುತ್ತದೆ. ಬಣ್ಣ ಬಯಲಾಗುವುದು ಉಳಿದ ಮೂರರಲ್ಲಿ. ಜರ್ಮನಿಯ ಸಣ್ಣ ಊರುಗಳಲ್ಲಿ ಕೆಲವು ಬಸ್ಸುಗಳು ಶಾಲೆ ಇರುವ ದಿನಗಳಲ್ಲಿ ಮಾತ್ರ ಓಡುತ್ತವೆ. ರಜೆಯ ವಾರಗಳಲ್ಲಿ ವೇಳಾಪಟ್ಟಿಯ ಆ ಸಾಲು ಖಾಲಿ. ಆದ್ದರಿಂದ ರಜಾ ಕಾಲದ ದಿನಾಂಕವೊಂದನ್ನೂ ಹಾಕಿ ನೋಡಿ.

ಬಸ್ಸುಗಳ ವೇಳೆ ಇಂತಹ ಆ್ಯಪ್‌ಗಳಿಗೆ ತಿಳಿಯುವುದು ಹೇಗೆ ಎಂಬುದನ್ನೂ ಅರಿತಿದ್ದರೆ ಒಳ್ಳೆಯದು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಟ್ರೈಮೆಟ್ ಮತ್ತು ಗೂಗಲ್ ಸೇರಿ 2005ರಲ್ಲಿ ವೇಳಾಪಟ್ಟಿಗಳಿಗೆ ಒಂದು ಸಾಮಾನ್ಯ ಕಡತ ರೂಪವನ್ನು ಸಿದ್ಧಪಡಿಸಿದವು. ಇಂದು ಜಗತ್ತಿನ ಅಸಂಖ್ಯ ಸಂಸ್ಥೆಗಳು ಅದೇ ರೂಪದಲ್ಲಿ ಮಾಹಿತಿ ಕೊಡುತ್ತವೆ. ಆದರೆ ವೇಳಾಪಟ್ಟಿ ಬೇರೆ, ಬಸ್ ಈ ಕ್ಷಣ ಎಲ್ಲಿದೆ ಎಂಬ ನೇರ ಮಾಹಿತಿ ಬೇರೆ. ಎರಡನೆಯದನ್ನು ಎಲ್ಲ ಸಂಸ್ಥೆಗಳೂ ಕೊಡುವುದಿಲ್ಲ. ಹೀಗಾಗಿ ಆ ಊರಿನ ಸಾರಿಗೆ ಸಂಸ್ಥೆಯದೇ ಆ್ಯಪ್ ಒಂದು ಮೊಬೈಲಿನಲ್ಲಿ ಇರಲೇಬೇಕು. ಮುಷ್ಕರ, ದುರಸ್ತಿ, ಮಾರ್ಗ ಬದಲಾವಣೆಯ ಸುದ್ದಿ ಮೊದಲು ಬರುವುದು ಅಲ್ಲಿಗೇ.

ಕಾಗದದ ಮೇಲೆ ಎಲ್ಲ ಸರಿ ಕಂಡ ಮೇಲೆ ಬೀದಿಯನ್ನು ನೋಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಬೀದಿಯ ಚಿತ್ರಗಳನ್ನು ತೋರಿಸುವ ಸ್ಟ್ರೀಟ್ ವ್ಯೂ ಇರುವ ಕಡೆ ಮನೆಯಿಂದ ನಿಲ್ದಾಣದವರೆಗೆ ಪರದೆಯ ಮೇಲೆ ನಡೆದುಬಿಡಿ. ಫುಟ್‌ಪಾತ್ ಉದ್ದಕ್ಕೂ ಇದೆಯೇ, ನಡುವೆ ನಿಂತುಹೋಗುತ್ತದೆಯೇ? ದೊಡ್ಡ ರಸ್ತೆ ದಾಟಲು ಸಿಗ್ನಲ್ ಇದೆಯೇ? ಏರು ಎಷ್ಟು? ನಿಲ್ದಾಣದಲ್ಲಿ ಲಿಫ್ಟ್ ಇದೆಯೇ, ಅಥವಾ ತಳ್ಳುಗಾಡಿಯನ್ನು ಎತ್ತಿಕೊಂಡು ಮೆಟ್ಟಿಲಿಳಿಯಬೇಕೇ? ಹಳೆಯ ಮೆಟ್ರೊ ವ್ಯವಸ್ಥೆಗಳಲ್ಲಿ, ಲಂಡನ್ನಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಪ್ಯಾರಿಸ್ಸಿನಲ್ಲಾಗಲಿ, ಮೆಟ್ಟಿಲು ಮಾತ್ರವಿರುವ ನಿಲ್ದಾಣಗಳು ಧಾರಾಳವಾಗಿವೆ. ಮೆಟ್ಟಿಲಿಲ್ಲದ ನಿಲ್ದಾಣಗಳನ್ನು ಗುರುತಿಸಿದ ನಕ್ಷೆಯನ್ನು ಸಾರಿಗೆ ಸಂಸ್ಥೆಗಳೇ ಪ್ರಕಟಿಸುತ್ತವೆ. ಮನೆ ಹುಡುಕುವಾಗ ಅದನ್ನು ಎದುರಿಗಿಟ್ಟುಕೊಳ್ಳಿ.

ಸಾಧ್ಯವಿದ್ದರೆ ಮೊದಲ ಕೆಲವು ವಾರ ತಾತ್ಕಾಲಿಕ ವಸತಿಯಲ್ಲಿದ್ದು, ಮನಸ್ಸಿಗೆ ಬಂದ ಬಡಾವಣೆಯಿಂದ ಶಾಲೆಗೆ ಶಾಲೆಯ ಹೊತ್ತಿನಲ್ಲೇ ಒಮ್ಮೆ ಹೋಗಿ ನೋಡಿ, ಆಮೇಲೆ ಕರಾರಿಗೆ ಸಹಿ ಹಾಕಿ. ಎರಡು ಬೇರೆ ಬೇರೆ ಮಾರ್ಗಗಳು ಕೈಗೆಟಕುವ ಮನೆ ಸಿಕ್ಕರೆ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ಕಾರಿನ ಸಾಲದ ಕಂತು, ವಿಮೆ, ತೆರಿಗೆ, ನಿಲುಗಡೆ ಶುಲ್ಕ, ಚಳಿಗಾಲದ ಟೈರು ಇವೆಲ್ಲ ಇಲ್ಲದ ಮನೆಗೆ ಆ ಹೆಚ್ಚುವರಿ ಬಾಡಿಗೆ ಭಾರವಾಗುವುದು ಅಪರೂಪ.

ಹೆಜ್ಜೆ 3: ಮೊದಲ ತಿಂಗಳು ವಾರ್ಷಿಕ ಪಾಸ್ ಕೊಳ್ಳಬೇಡಿ

ಉತ್ಸಾಹದಲ್ಲಿ ಇಳಿದ ಮರುದಿನವೇ ದೊಡ್ಡ ಪಾಸ್ ಮಾಡಿಸುವವರಿದ್ದಾರೆ. ತಡೆಯಿರಿ. ಟಿಕೆಟ್ ದರಕ್ಕಾಗಿ ಊರನ್ನು ಹಂಚಿರುವ ವಲಯಗಳಲ್ಲಿ ನಿಮ್ಮ ಓಡಾಟ ಯಾವುದರಲ್ಲಿ ನಡೆಯುತ್ತದೆ ಎಂದು ತಿಳಿಯಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಬಿಡಿ ಟಿಕೆಟ್ಟು, ಇಲ್ಲವೇ ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ಮುಟ್ಟಿಸುವ ವ್ಯವಸ್ಥೆ ಸಾಕು. ಲಂಡನ್ನಿನಂತಹ ನಗರಗಳಲ್ಲಿ ದಿನಕ್ಕೆ ಮತ್ತು ವಾರಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಕಡಿತವಾಗದಂತೆ ಮಿತಿ ಇದೆ. ಆದರೆ ಲೆಕ್ಕ ನಡೆಯುವುದು ಕಾರ್ಡಿಗೆ, ಮನುಷ್ಯರಿಗಲ್ಲ. ಬೆಳಗ್ಗೆ ಪ್ಲಾಸ್ಟಿಕ್ ಕಾರ್ಡು, ಸಂಜೆ ಅದೇ ಕಾರ್ಡು ತುಂಬಿದ ಮೊಬೈಲು ಮುಟ್ಟಿಸಿದರೆ ವ್ಯವಸ್ಥೆಯ ಕಣ್ಣಿಗೆ ನೀವು ಇಬ್ಬರು. ಗಂಡ ಹೆಂಡತಿ ಒಂದೇ ಕಾರ್ಡಿನಲ್ಲಿ ಒಟ್ಟಿಗೆ ಹೋಗುವುದಂತೂ ಆಗದು. ತಲೆಗೊಂದು ಕಾರ್ಡು ಬೇಕು.

ದಂಡ ಬೀಳುವ ಜಾಗಗಳು ದೇಶದಿಂದ ದೇಶಕ್ಕೆ ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಹತ್ತುವಾಗ ಮುಟ್ಟಿಸಿದಂತೆ ಇಳಿಯುವಾಗಲೂ ಮುಟ್ಟಿಸಬೇಕು. ಒಂದು ಕಂಪನಿಯ ರೈಲಿನಿಂದ ಇನ್ನೊಂದು ಕಂಪನಿಯ ರೈಲಿಗೆ ಬದಲಿಸುವಾಗ ಒಂದರಿಂದ ಹೊರಬಂದು ಇನ್ನೊಂದಕ್ಕೆ ಪ್ರವೇಶಿಸಿದ್ದನ್ನು ದಾಖಲಿಸಬೇಕು. ಜರ್ಮನಿಯ ನಗರಗಳಲ್ಲಿ ಗೇಟುಗಳೇ ಇಲ್ಲ, ಯಾರೂ ಕೇಳುವುದಿಲ್ಲ ಎನಿಸುತ್ತದೆ. ಒಂದು ದಿನ ಸಾದಾ ಉಡುಪಿನ ತಪಾಸಕರು ಬಂದಾಗ ಸರಿಯಾದ ಟಿಕೆಟ್ ಇಲ್ಲದಿದ್ದರೆ 60 ಯೂರೊ ಕಟ್ಟಬೇಕಾಗುತ್ತದೆ. ಟಿಕೆಟ್ ಕೊಂಡಿದ್ದರೂ, ಅದರ ಮೇಲೆ ಮುದ್ರೆ ಹಾಕಿಸಬೇಕಾದ ಕಡೆ ಹಾಕಿಸಿಲ್ಲದಿದ್ದರೆ ಅದು ಟಿಕೆಟ್ ಇಲ್ಲದ ಪ್ರಯಾಣವೇ. "ಹೊಸಬರು, ಗೊತ್ತಿರಲಿಲ್ಲ" ಎಂಬ ಮಾತಿಗೆ ಅಲ್ಲಿ ಬೆಲೆ ಕಡಿಮೆ.

ಅದೇ ಜರ್ಮನಿಯಲ್ಲಿ 2023ರ ಮೇ 1ರಂದು 49 ಯೂರೊ ದರದಲ್ಲಿ ಆರಂಭವಾದ, ಆಮೇಲೆ ದರ ಏರಿರುವ ಡಾಯ್ಚ್‌ಲಾಂಡ್ ಟಿಕೆಟ್ ಇಡೀ ದೇಶದ ನಗರ ಸಾರಿಗೆ ಮತ್ತು ಪ್ರಾದೇಶಿಕ ರೈಲುಗಳಲ್ಲಿ ನಡೆಯುತ್ತದೆ. ದೂರದ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ಇದು ತಿಂಗಳ ಚಂದಾ; ಮುಂದಿನ ತಿಂಗಳು ಬೇಡವೆಂದರೆ ಈ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ಲಕ್ಸೆಂಬರ್ಗಿನಲ್ಲಿ 2020ರಿಂದ ಬಸ್ಸು, ಟ್ರಾಮ್, ಎರಡನೇ ದರ್ಜೆಯ ರೈಲು ಎಲ್ಲರಿಗೂ ಉಚಿತ. ಅಲ್ಲಿಗೆ ಹೋಗುವವರು ಈ ಹೆಜ್ಜೆಯನ್ನು ದಾಟಿ ಮುಂದೆ ಓದಬಹುದು!

ಕಚೇರಿಯಲ್ಲಿ ಕೇಳಲು ಸಂಕೋಚಪಡಬೇಡಿ. ಫ್ರಾನ್ಸಿನಲ್ಲಿ ಮನೆಯಿಂದ ಕೆಲಸಕ್ಕೆ ಹೋಗುವ ಸಾರ್ವಜನಿಕ ಸಾರಿಗೆ ಪಾಸಿನ ಕನಿಷ್ಠ ಅರ್ಧ ಹಣವನ್ನು ಉದ್ಯೋಗದಾತರು ಕೊಡಬೇಕೆಂಬುದು ಕಾನೂನು. ಅಮೆರಿಕದ ಹಲವು ಕಂಪನಿಗಳು ತೆರಿಗೆಗೆ ಮುಂಚಿನ ಸಂಬಳದಿಂದ ಪಾಸ್ ಕೊಳ್ಳಲು ಅನುವು ಮಾಡಿಕೊಡುತ್ತವೆ. ಕೇಳದಿದ್ದರೆ ಯಾರೂ ಕರೆದು ಹೇಳುವುದಿಲ್ಲ.

ಹೆಜ್ಜೆ 4: ಮಕ್ಕಳ ಟಿಕೆಟ್, ತಳ್ಳುಗಾಡಿ, ಶಾಲೆಯ ದಾರಿ

ಮಕ್ಕಳಿಗೆ ಎಲ್ಲಿಯವರೆಗೆ ಉಚಿತ ಎಂಬುದಕ್ಕೆ ಜಗತ್ತಿನಲ್ಲಿ ಒಂದು ನಿಯಮವಿಲ್ಲ. ಜರ್ಮನಿಯಲ್ಲಿ ಆರು ತುಂಬುವವರೆಗೆ ಉಚಿತ. ಲಂಡನ್ ಬಸ್ಸುಗಳಲ್ಲಿ ಹನ್ನೊಂದರೊಳಗಿನವರಿಗೆ ಉಚಿತ; ಮೆಟ್ರೊದಲ್ಲಿ ಹಣ ಕೊಟ್ಟ ಒಬ್ಬ ದೊಡ್ಡವರ ಜೊತೆ ಆ ವಯಸ್ಸಿನ ನಾಲ್ವರು ಮಕ್ಕಳು ಹೋಗಬಹುದು. ನ್ಯೂಯಾರ್ಕಿನಲ್ಲಿ ನೋಡುವುದು ವಯಸ್ಸನ್ನಲ್ಲ, ಎತ್ತರವನ್ನು: 44 ಇಂಚಿನೊಳಗಿನ ಮೂರು ಮಕ್ಕಳವರೆಗೆ ದೊಡ್ಡವರೊಂದಿಗೆ ಉಚಿತ. ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅರ್ಧ ದರದ ಪ್ರತ್ಯೇಕ ಕಾರ್ಡಿದ್ದು, ಅದನ್ನು ಮಾಡಿಸಲು ಹುಟ್ಟಿದ ದಿನಾಂಕದ ದಾಖಲೆ ಬೇಕು. ಗೇಟಿಗೆ ಮುಟ್ಟಿಸಿದಾಗ ಹಕ್ಕಿಮರಿಯಂತೆ ಚಿಲಿಪಿಲಿ ಸದ್ದು ಬರುವುದರಿಂದ ದೊಡ್ಡವರು ಅದನ್ನು ಬಳಸಿದರೆ ಸಿಬ್ಬಂದಿಗೆ ತಿಳಿದುಹೋಗುತ್ತದೆ. ಸ್ವಿಟ್ಜರ್‌ಲ್ಯಾಂಡಿನಲ್ಲಿ ವರ್ಷಕ್ಕೊಮ್ಮೆ ಸಣ್ಣ ಮೊತ್ತ ಕಟ್ಟಿ ಮಕ್ಕಳ ಕಾರ್ಡು ಮಾಡಿಸಿಕೊಂಡರೆ ಹದಿನಾರರೊಳಗಿನ ಮಗು ಅಪ್ಪ ಅಮ್ಮನ ಜೊತೆ ಉಚಿತವಾಗಿ ತಿರುಗಬಹುದು. ಇಂತಹ ಕಾರ್ಡುಗಳಿಗೆ ಸಾಮಾನ್ಯವಾಗಿ ಬೇಕಾಗುವುದು ಎರಡು: ಮಗುವಿನ ಫೋಟೊ, ಪಾಸ್‌ಪೋರ್ಟಿನ ಪ್ರತಿ. ಇವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಿ.

ತಳ್ಳುಗಾಡಿ ಕೊಳ್ಳುವಾಗ ಅಂದಕ್ಕಿಂತ ಮಡಚುವ ಬಗೆಯನ್ನು ನೋಡಿ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಮಡಚುವ ಕೆಲಸ ಆಗಬೇಕು. ಅಂಗಡಿಯಲ್ಲೇ ಮಾಡಿ ನೋಡಿ. ಏಕೆಂದರೆ ಬಸ್ಸಿನಲ್ಲಿ ತಳ್ಳುಗಾಡಿ ನಿಲ್ಲಿಸುವ ಜಾಗ ಅನೇಕ ಕಡೆ ಗಾಲಿಕುರ್ಚಿಯವರ ಜಾಗವೂ ಹೌದು, ಮತ್ತು ಮೊದಲ ಹಕ್ಕು ಅವರದ್ದು. ತಳ್ಳುಗಾಡಿಯಿಂದಾಗಿ ಬಸ್ ಹತ್ತಲಾಗದ ಗಾಲಿಕುರ್ಚಿ ಪ್ರಯಾಣಿಕರೊಬ್ಬರ ಪ್ರಕರಣದಲ್ಲಿ, ಚಾಲಕರು ಜಾಗ ಬಿಡುವಂತೆ ಒಮ್ಮೆ ಕೇಳಿ ಸುಮ್ಮನಾಗುವುದು ಸಾಲದು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಗಾಲಿಕುರ್ಚಿ ಬಂದಾಗ ಮಡಚಿ ಎದೆಗೆ ಮಗುವನ್ನು ಕಟ್ಟಿಕೊಳ್ಳಲು ಒಂದು ಬಟ್ಟೆಯ ಜೋಳಿಗೆ ಚೀಲದಲ್ಲಿರಲಿ. ಲಿಫ್ಟ್ ಕೆಟ್ಟ ದಿನವೂ ಅದೇ ಕೈಹಿಡಿಯುತ್ತದೆ.

ರಸ್ತೆ ದಾಟುವುದನ್ನು ದೊಡ್ಡವರೂ ಹೊಸದಾಗಿ ಕಲಿಯಬೇಕು. ಎಡಬದಿ ಸಂಚಾರದ ದೇಶದಿಂದ ಬಲಬದಿ ಸಂಚಾರದ ದೇಶಕ್ಕೆ ಹೋದವರ ಕತ್ತು ತಿಂಗಳುಗಟ್ಟಲೆ ತಪ್ಪು ಕಡೆಗೇ ಮೊದಲು ತಿರುಗುತ್ತದೆ. ಬುದ್ಧಿಗೆ ಗೊತ್ತಿದ್ದರೂ ಅವಸರದಲ್ಲಿ ಕೆಲಸ ಮಾಡುವುದು ಅಭ್ಯಾಸವೇ. ಬಲಬದಿ ಸಂಚಾರವಿರುವ ಕಡೆ ಹತ್ತಿರದ ವಾಹನ ಎಡಗಡೆಯಿಂದ ಬರುತ್ತದೆ. "ಎಡ, ಬಲ, ಮತ್ತೆ ಎಡ" ಎಂದು ಮಕ್ಕಳೊಂದಿಗೆ ಗಟ್ಟಿಯಾಗಿ ಹೇಳಿಕೊಂಡೇ ದಾಟಿ. ಅಮೆರಿಕ ಮತ್ತು ಕೆನಡಾದ ಬಹುಪಾಲು ಊರುಗಳಲ್ಲಿ ಕೆಂಪು ದೀಪವಿದ್ದರೂ ಕಾರುಗಳು ನಿಂತು ನೋಡಿ ಬಲಕ್ಕೆ ತಿರುಗಬಹುದು. ಹಾಗಾಗಿ ನಡೆಯುವವರಿಗೆ ಹಸಿರು ಬಂದರೂ ಚಾಲಕನ ಮುಖ ನೋಡದೆ ರಸ್ತೆಗೆ ಕಾಲಿಡಬಾರದು.

ಶಾಲೆಯ ದಾರಿಯನ್ನು ಶಾಲೆ ಆರಂಭವಾಗುವ ಮುಂಚೆಯೇ ಮಗುವಿನೊಂದಿಗೆ ನಡೆದು ನೋಡಿ. ಉತ್ತರ ಅಮೆರಿಕದಲ್ಲಿ ಶಾಲಾ ಬಸ್ ಸಿಗುವುದು ಮನೆ ಶಾಲೆಯಿಂದ ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿರುತ್ತದೆ, ಹತ್ತಿರವಿದ್ದವರಿಗೆ ಕೊಡುವುದಿಲ್ಲ. ಬಡಾವಣೆಯಲ್ಲಿ ನಾಲ್ಕಾರು ಮನೆಯವರು ಸೇರಿ ಸರದಿಯ ಮೇಲೆ ಮಕ್ಕಳನ್ನು ಗುಂಪಾಗಿ ನಡೆಸಿಕೊಂಡು ಹೋಗುವ ಪದ್ಧತಿ ಹಲವು ದೇಶಗಳಲ್ಲಿದೆ. ಜಪಾನಿನ ಅನೇಕ ಕಡೆ ಹಿರಿಯ ವಿದ್ಯಾರ್ಥಿಗಳೇ ಚಿಕ್ಕವರನ್ನು ಸಾಲಾಗಿ ಕರೆದೊಯ್ಯುತ್ತಾರೆ. ಇಂತಹದ್ದು ಇದೆಯೇ ಎಂದು ಶಾಲೆಯಲ್ಲಿ ಕೇಳಿ. ಇಲ್ಲದಿದ್ದರೆ ನೆರೆಯ ಒಬ್ಬ ತಂದೆಯನ್ನೋ ತಾಯಿಯನ್ನೋ ಮಾತನಾಡಿಸಿ ನೀವೇ ಶುರು ಮಾಡಿ. ಹೊಸ ಊರಿನಲ್ಲಿ ಮೊದಲ ಗೆಳೆತನ ಹುಟ್ಟುವುದೂ ಬಹುಮಟ್ಟಿಗೆ ಹೀಗೆಯೇ.

ಒಂದು ತಾಲೀಮು ಮಾತ್ರ ಕಡ್ಡಾಯ. ರೈಲಿನ ಬಾಗಿಲು ಮುಚ್ಚಿ ಮಗು ಒಳಗೆ, ನೀವು ಹೊರಗೆ ಉಳಿದರೆ: ಮಗು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ನೀವು ಮುಂದಿನ ರೈಲಿನಲ್ಲಿ ಬರುತ್ತೀರಿ. ನೀವು ಒಳಗೆ, ಮಗು ಪ್ಲಾಟ್‌ಫಾರ್ಮಿನಲ್ಲಿ ಉಳಿದರೆ: ಅದು ನಿಂತ ಜಾಗದಿಂದ ಕದಲಬಾರದು, ನೀವು ತಿರುಗಿ ಬರುತ್ತೀರಿ. ಇದನ್ನು ಆಟದಂತೆ ಮನೆಯಲ್ಲೇ ಆಡಿಸಿ, ಕೇಳಿದಾಗ ತಡವರಿಸದೆ ಹೇಳುವಷ್ಟು. ನಿಮ್ಮ ಮೊಬೈಲ್ ಸಂಖ್ಯೆ ಬರೆದ ಚೀಟಿ ಅದರ ಜೇಬಿನಲ್ಲಿರಲಿ.

ಹೆಜ್ಜೆ 5: ದಿನಸಿ

ಭಾರವಾದದ್ದನ್ನು ಮನೆಗೆ ತರಿಸಿ, ಹಗುರವಾದದ್ದನ್ನು ದಾರಿಯಲ್ಲಿ ತನ್ನಿ. ಧಾನ್ಯ, ಹಿಟ್ಟು, ಎಣ್ಣೆ, ಸೋಪಿನ ಪುಡಿ, ಡಯಾಪರ್‌ಗಳನ್ನು ಎರಡು ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ತರಿಸಿಕೊಳ್ಳಬಹುದು. ಹಾಲು, ತರಕಾರಿ, ಹಣ್ಣುಗಳನ್ನು ಕಚೇರಿಯಿಂದ ಬರುವವರು ನಿಲ್ದಾಣದ ಪಕ್ಕದ ಅಂಗಡಿಯಿಂದ ತರಲಿ. ಈ ಕೆಲಸವನ್ನು ಅವರಿಗೇ ಹಚ್ಚಿ. ಎರಡು ಗಾಲಿಯ ಎಳೆಯುವ ಚೀಲವೊಂದನ್ನು ಕೊಳ್ಳಿ, ಗಾಲಿ ದೊಡ್ಡದಿರಲಿ. ಇದು ವಯಸ್ಸಾದವರ ಸಾಮಾನು ಎಂಬ ನಾಚಿಕೆ ಮೊದಲ ಬಾರಿ ಹತ್ತು ಕಿಲೊ ಎಳೆದು ತಂದ ದಿನವೇ ಹೋಗುತ್ತದೆ. ಜರ್ಮನಿಯಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಕಾನೂನಿನ ಪ್ರಕಾರ ಮುಚ್ಚಿರುತ್ತವೆ, ತೆರೆದಿರುವುದು ದೊಡ್ಡ ರೈಲು ನಿಲ್ದಾಣಗಳ ಒಳಗಿನವು. ಶನಿವಾರವೇ ಪಟ್ಟಿ ಮುಗಿಸಿ.

ಹೆಜ್ಜೆ 6: ಸೈಕಲ್ಲನ್ನು ಎರಡನೇ ತಿಂಗಳು ಸೇರಿಸಿ

ಬೀದಿಗಳು ಅಭ್ಯಾಸವಾದ ಮೇಲೆ ಸೈಕಲ್ ಬರಲಿ. ಬಂದ ಮೇಲೆ ಬಸ್ಸಿಗಿಂತ ಹೆಚ್ಚು ಕೆಲಸ ಮಾಡುವುದು ಅದೇ, ಏಕೆಂದರೆ ಶಾಲೆ, ಅಂಗಡಿ, ವೈದ್ಯರು ಎಂದು ಒಂದರ ಹಿಂದೊಂದು ನಾಲ್ಕು ಕಡೆ ನಿಲ್ಲುವ ಸುತ್ತಿಗೆ ಬಸ್ಸು ಹೊಂದುವುದಿಲ್ಲ.

ಕಾನೂನು ಮೊದಲು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಹೆಲ್ಮೆಟ್ ದೊಡ್ಡವರಿಗೂ ಕಡ್ಡಾಯ. ನೆದರ್‌ಲ್ಯಾಂಡ್ಸ್‌ನಲ್ಲಿ ಸಾಮಾನ್ಯ ಸೈಕಲ್ಲಿಗೆ ಕಡ್ಡಾಯವಿಲ್ಲ, ಆದರೆ ಕತ್ತಲಲ್ಲಿ ದೀಪವಿಲ್ಲದಿದ್ದರೆ ದಂಡ ಬೀಳುತ್ತದೆ. ಜರ್ಮನಿಯಲ್ಲಿ ಎಂಟು ತುಂಬದ ಮಕ್ಕಳು ಫುಟ್‌ಪಾತಿನ ಮೇಲೆ ಸೈಕಲ್ ತುಳಿಯಬೇಕು, ರಸ್ತೆಯಿಂದ ಬೇರ್ಪಟ್ಟ ಸೈಕಲ್ ಪಥವಿದ್ದರೆ ಅಲ್ಲಿ ಹೋಗಬಹುದು. ಹತ್ತರವರೆಗೆ ಫುಟ್‌ಪಾತ್ ಬಳಸಲು ಅವಕಾಶವಿದೆ. ಎಂಟರೊಳಗಿನವರ ಜೊತೆ ಮೇಲ್ವಿಚಾರಣೆಗೆ ಹೋಗುವ, ಹದಿನಾರು ತುಂಬಿದ ಒಬ್ಬರೂ ಅಲ್ಲೇ ತುಳಿಯಬಹುದು. ಇದು ತಿಳಿಯದೆ ಮಗುವನ್ನು ಫುಟ್‌ಪಾತಿನಲ್ಲಿ ಬಿಟ್ಟು ತಾವು ರಸ್ತೆಯಲ್ಲಿ ಹೆದರುತ್ತಾ ಹೋಗುವ ಪೋಷಕರನ್ನು ಬೇಕಾದಷ್ಟು ನೋಡಬಹುದು.

ಆಸರೆಯಿಲ್ಲದೆ ನೆಟ್ಟಗೆ ಕೂರಲು ಬಂದ ಮಗುವನ್ನು ಮಾತ್ರ ಸೈಕಲ್ ಸೀಟಿನಲ್ಲಿ ಕೂರಿಸಬೇಕು. ಯುರೋಪಿನ ಮಾನದಂಡದಲ್ಲಿ ಮುಂದಿನ ಸೀಟು 15 ಕಿಲೊವರೆಗೆ, ಹಿಂದಿನದು 22 ಕಿಲೊವರೆಗೆ. ಇಬ್ಬರು ಮಕ್ಕಳಿದ್ದರೆ ಮುಂದೆ ಪೆಟ್ಟಿಗೆಯಿರುವ ಸರಕು ಸೈಕಲ್ ಅನುಕೂಲ. ಕೊಳ್ಳುವ ಮುಂಚೆ ಅದನ್ನು ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಹುಡುಕಿ. ಮೂರನೇ ಮಹಡಿಗೆ ಅದು ಏರುವುದಿಲ್ಲ, ಬೀದಿಯಲ್ಲಿ ಬಿಟ್ಟರೆ ಉಳಿಯುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಗಂಟೆಗೆ 25 ಕಿಲೊಮೀಟರ್ ವೇಗಕ್ಕೆ ಮೋಟಾರಿನ ನೆರವು ನಿಲ್ಲುವ, 250 ವಾಟ್ ಶಕ್ತಿಯ ವಿದ್ಯುತ್ ಸೈಕಲ್ಲನ್ನು ಸೈಕಲ್ಲೆಂದೇ ಪರಿಗಣಿಸುತ್ತಾರೆ. ಅದಕ್ಕಿಂತ ವೇಗದ್ದಕ್ಕೆ ಬೇರೆ ನಿಯಮಗಳು ಅನ್ವಯಿಸುತ್ತವೆ. ಬ್ಯಾಟರಿಯನ್ನು ಅದರದೇ ಚಾರ್ಜರಿನಿಂದ ಮಾತ್ರ ಚಾರ್ಜ್ ಮಾಡಿ, ಹೊರಹೋಗುವ ದಾರಿಯಲ್ಲಿ ಇಟ್ಟು ಮಾಡಬೇಡಿ. ಬೀಗಕ್ಕೆ ಕಂಜೂಸುತನ ಬೇಡ. ಎರಡು ಬಗೆಯ ಬೀಗ ಹಾಕಿ, ಚೌಕಟ್ಟಿನ ಸಂಖ್ಯೆಯ ಫೋಟೊ ತೆಗೆದಿಡಿ.

ಹೆಜ್ಜೆ 7: ಕಾರು ಬೇಕಾಗುವ ದಿನಗಳಿಗೆ ವ್ಯವಸ್ಥೆ

ಕಾರಿಲ್ಲದ ಮನೆ ಎಂದರೆ ಕಾರಿನಲ್ಲಿ ಕೂರದ ಮನೆ ಎಂದಲ್ಲ. ತಿಂಗಳ ಬಜೆಟ್ಟಿನಲ್ಲಿ ಟ್ಯಾಕ್ಸಿಗೆಂದೇ ಒಂದು ಮೊತ್ತ ತೆಗೆದಿಡಿ. ಮಳೆಯಲ್ಲಿ ಜ್ವರದ ಮಗುವನ್ನು ಹೊತ್ತುಕೊಂಡು ಬಸ್ಸಿಗೆ ಕಾಯುತ್ತಾ ಉಳಿತಾಯದ ಲೆಕ್ಕ ಹಾಕಬಾರದು.

ತೊಡಕು ಬರುವುದು ಮಕ್ಕಳ ಸೀಟಿನಲ್ಲಿ. ಸಿಂಗಪುರದಲ್ಲಿ ಆ್ಯಪ್ ಮೂಲಕ ಕರೆಸುವ ಖಾಸಗಿ ಬಾಡಿಗೆ ಕಾರಿನಲ್ಲಿ 1.35 ಮೀಟರಿಗಿಂತ ಕುಳ್ಳಗಿರುವ ಮಗುವಿಗೆ ತಕ್ಕ ಸೀಟು ಬೇಕು. ಮಾಮೂಲಿ ಟ್ಯಾಕ್ಸಿಗೆ ವಿನಾಯಿತಿ. ಬ್ರಿಟನ್ನಿನಲ್ಲಿ ಟ್ಯಾಕ್ಸಿಯವರ ಬಳಿ ಸೀಟು ಇಲ್ಲದಿದ್ದರೆ ಹಿಂದಿನ ಆಸನದಲ್ಲಿ ಮಗುವನ್ನು ಕೂರಿಸಬಹುದು ಎನ್ನುತ್ತದೆ ಕಾನೂನು. ಕಾನೂನು ಬಿಟ್ಟಿತೆಂದರೆ ಸುರಕ್ಷಿತ ಎಂದಾಗುವುದಿಲ್ಲ. ಸ್ವಲ್ಪ ದೊಡ್ಡ ಮಗುವಿಗೆ ಮಡಚುವ ಅಥವಾ ಹಗುರವಾದ, ಆ ದೇಶದ ಮಾನ್ಯತೆ ಇರುವ ಬೂಸ್ಟರ್ ಸೀಟು (ಸೀಟ್ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಆಸನ) ಮನೆಯಲ್ಲಿರಲಿ. ಕೂಸಿಗೆ ಸೀಟು ಸಮೇತ ಕಾರು ಕಳುಹಿಸುವ ಟ್ಯಾಕ್ಸಿ ಕಂಪನಿಯ ಸಂಖ್ಯೆಯನ್ನು ಬೇಕಾಗುವ ಮುಂಚೆಯೇ ಹುಡುಕಿಡಿ.

ಗಂಟೆ ಲೆಕ್ಕದಲ್ಲಿ ಕಾರು ಸಿಗುವ ಹಂಚಿಕೆ ವ್ಯವಸ್ಥೆಗಳು ಅನೇಕ ನಗರಗಳಲ್ಲಿವೆ. ಸ್ವಿಟ್ಜರ್‌ಲ್ಯಾಂಡಿನ ಮೊಬಿಲಿಟಿ, 1994ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಆರಂಭವಾದ ಕೊಮ್ಯುನೊಟೊ ಇವು ಹಳೆಯ ಹೆಸರುಗಳು. ಇದಕ್ಕೆ ಚಾಲನಾ ಪರವಾನಗಿ ಬೇಕು, ಮತ್ತು ಇಲ್ಲಿ ಗಡುವೊಂದಿದೆ. ಹೊರದೇಶದ ಪರವಾನಗಿಯಲ್ಲಿ ಜರ್ಮನಿಯಲ್ಲಿ ನೆಲೆಸಿದ ಮೇಲೆ ಸಾಮಾನ್ಯವಾಗಿ ಆರು ತಿಂಗಳು, ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು ಮಾತ್ರ ಓಡಿಸಬಹುದು. ಯುರೋಪಿಯನ್ ಒಕ್ಕೂಟದ ಪರವಾನಗಿಗಳಿಗೆ ಬೇರೆ ನಿಯಮ. ಆಮೇಲೆ ಬದಲಿಸಿಕೊಳ್ಳಬೇಕು ಅಥವಾ ಪರೀಕ್ಷೆ ಪಾಸಾಗಬೇಕು. "ನಮಗೆ ಕಾರೇ ಇಲ್ಲವಲ್ಲ" ಎಂದು ಈ ಅವಧಿಯನ್ನು ಕಳೆದುಕೊಳ್ಳಬೇಡಿ. ಮನೆಯಲ್ಲಿ ಒಬ್ಬರಾದರೂ ಆ ದೇಶದ ಪರವಾನಗಿ ಪಡೆದಿರಲಿ, ಇಬ್ಬರೂ ಪಡೆದರೆ ಇನ್ನೂ ಒಳ್ಳೆಯದು. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಎಂಬುದು ಮೂಲ ಪರವಾನಗಿಯ ಜೊತೆ ಇರಬೇಕಾದ ಅನುವಾದದ ಪುಸ್ತಿಕೆ. ಅದೊಂದರಿಂದಲೇ ಓಡಿಸಲಾಗದು, ಅದನ್ನು ತಾಯ್ನಾಡಿನಲ್ಲೇ ಮಾಡಿಸಿಕೊಂಡು ಹೊರಡಬೇಕು.

ತುರ್ತು ಸಂಖ್ಯೆಗಳನ್ನು ಗೋಡೆಗೆ ಅಂಟಿಸಿ: ಯುರೋಪಿಯನ್ ಒಕ್ಕೂಟದಲ್ಲಿ 112, ಬ್ರಿಟನ್ನಿನಲ್ಲಿ 999 ಅಥವಾ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಆಸ್ಟ್ರೇಲಿಯಾದಲ್ಲಿ 000, ಜಪಾನಿನಲ್ಲಿ ಆಂಬುಲೆನ್ಸಿಗೆ 119. ಪ್ರಾಣಾಪಾಯವಿಲ್ಲದ ರಾತ್ರಿಯ ತೊಂದರೆಗೆ ಇಂಗ್ಲೆಂಡಿನಲ್ಲಿ 111, ಜರ್ಮನಿಯಲ್ಲಿ 116117 ಎಂಬ ಸಲಹಾ ಸಂಖ್ಯೆಗಳಿವೆ. ಅಮೆರಿಕದಲ್ಲಿ ಆಂಬುಲೆನ್ಸಿಗೆ ದೊಡ್ಡ ಬಿಲ್ ಬರಬಹುದು. ವಿಮೆಯ ಕಾಗದದಲ್ಲಿ ಆ ಸಾಲನ್ನು ಮುಂಚೆಯೇ ಓದಿ.

ಹೆಜ್ಜೆ 8: ಕೆಟ್ಟ ದಿನಗಳು

ಅನೇಕ ಚಳಿ ದೇಶಗಳಲ್ಲಿ ಚಳಿಗಾಲದ ಸಂಜೆ ನಾಲ್ಕರ ಹೊತ್ತಿಗೇ ಕತ್ತಲಾಗುತ್ತದೆ. ಮಕ್ಕಳ ಚೀಲ ಮತ್ತು ಕೋಟಿನ ಮೇಲೆ ಬೆಳಕು ಪ್ರತಿಫಲಿಸುವ ಪಟ್ಟಿ ಇರಲಿ. ಫಿನ್ಲೆಂಡಿನಲ್ಲಿ ಕತ್ತಲಲ್ಲಿ ನಡೆಯುವವರು ಅದನ್ನು ಬಳಸಬೇಕೆಂದು ಕಾನೂನೇ ಹೇಳುತ್ತದೆ. ಮಂಜುಗಡ್ಡೆಯ ಮೇಲೆ ಜಾರದ ಬೂಟಿಗೆ ಖರ್ಚು ಮಾಡಿ, ಕೋಟಿಗೆ ಮಾಡುವುದಕ್ಕಿಂತ ಮೊದಲು. ರೈಲು ಹಳಿಗಳ ದುರಸ್ತಿ ಹೆಚ್ಚಾಗಿ ವಾರಾಂತ್ಯಗಳಲ್ಲಿ ನಡೆಯುತ್ತದೆ, ಬದಲಿಗೆ ಬಸ್ ಬಿಡುತ್ತಾರೆ, ಆ ಬಸ್ಸಿನಲ್ಲಿ ತಳ್ಳುಗಾಡಿಗೆ ಜಾಗ ಸಾಲದಿರಬಹುದು. ಶನಿವಾರದ ಯೋಜನೆಯನ್ನು ಶುಕ್ರವಾರ ರಾತ್ರಿ ಒಮ್ಮೆ ಪರೀಕ್ಷಿಸಿ. ಡಿಸೆಂಬರ್ 25ರಂದು ಲಂಡನ್ನಿನಲ್ಲಿ ಮೆಟ್ರೊ, ಬಸ್ ಎರಡೂ ಓಡುವುದಿಲ್ಲ. ಆ ದಿನ ವಿಮಾನ ಹಿಡಿಯಬೇಕಾದವರು ಟ್ಯಾಕ್ಸಿಯನ್ನು ವಾರಗಳ ಮುಂಚೆಯೇ ಗೊತ್ತು ಮಾಡಬೇಕು.

ಹೆಜ್ಜೆ 9: ಇದು ನಡೆಯದ ಊರನ್ನು ಗುರುತಿಸಿ

ಕಾರಿಲ್ಲದೆ ಎಲ್ಲ ಕಡೆಯೂ ಬದುಕಬಹುದು ಎಂದು ಹೇಳುವವರನ್ನು ನಂಬಬೇಡಿ. ಉತ್ತರ ಅಮೆರಿಕದ ಹಾಗೂ ಆಸ್ಟ್ರೇಲಿಯಾದ ಅನೇಕ ಉಪನಗರಗಳಲ್ಲಿ ಫುಟ್‌ಪಾತ್ ಇಲ್ಲ, ಬಸ್ ಗಂಟೆಗೊಂದು, ಭಾನುವಾರ ಅದೂ ಇಲ್ಲ. ಅಂತಹ ಕಡೆ ಮನೆಯಲ್ಲಿರುವವರು ಹೊರಗೆ ಹೋಗುವುದನ್ನೇ ನಿಧಾನವಾಗಿ ಬಿಟ್ಟುಬಿಡುತ್ತಾರೆ. ಗಮನಿಸಬೇಕಾದ ಲಕ್ಷಣ ಇದೇ: ವಾರದಲ್ಲಿ ಅವರು ಎಷ್ಟು ಸಲ, ಯಾರ ಸಹಾಯವೂ ಇಲ್ಲದೆ, ತಮಗಾಗಿ ಹೊರಗೆ ಹೋಗುತ್ತಿದ್ದಾರೆ? ಎಲ್ಲದಕ್ಕೂ ಸಂಜೆ ಸಂಗಾತಿ ಬರುವವರೆಗೆ ಕಾಯುವಂತಾಗಿದ್ದರೆ ಆ್ಯಪ್ ಬದಲಿಸಿ ಪ್ರಯೋಜನವಿಲ್ಲ. ಮನೆ ಬದಲಿಸಬೇಕು, ಇಲ್ಲವೇ ಹಳೆಯದೊಂದು ಕಾರು ಕೊಳ್ಳಬೇಕು. ಕೊಂಡರೆ ಅದು ಹಗಲು ಹೊತ್ತು ಕಚೇರಿಯ ಅಂಗಳದಲ್ಲಿ ನಿಲ್ಲದೆ ಮನೆಯಲ್ಲೇ ಇರಲಿ; ಕಚೇರಿಯವರಿಗೆ ಬಸ್ಸಿದೆ.

ಹೆಜ್ಜೆ 10: ಆರು ತಿಂಗಳಿಗೊಮ್ಮೆ ಮರುಪರಿಶೀಲನೆ

ಮೊದಲ ಹೆಜ್ಜೆಯ ಹಾಳೆಯನ್ನು ಹೊಸದಾಗಿ ಬರೆಯಿರಿ. ಪಾಸಿನ ಹಣಕ್ಕೆ ತಕ್ಕಷ್ಟು ಓಡಾಟ ನಡೆಯುತ್ತಿದೆಯೇ ನೋಡಿ, ಇಲ್ಲದಿದ್ದರೆ ಸಣ್ಣ ಪಾಸಿಗೆ ಇಳಿಯಿರಿ. ಯುರೋಪಿನ ರೈಲುಗಳ ವಾರ್ಷಿಕ ವೇಳಾಪಟ್ಟಿ ಡಿಸೆಂಬರ್ ಮಧ್ಯದಲ್ಲಿ ಬದಲಾಗುತ್ತದೆ. ನೀವು ನೆಚ್ಚಿಕೊಂಡ 7:42ರ ರೈಲು ಅಂದಿನಿಂದ 7:36ಕ್ಕೆ ಹೊರಡಬಹುದು. ಮಕ್ಕಳ ಹುಟ್ಟುಹಬ್ಬವನ್ನು ಸಾರಿಗೆಯ ಲೆಕ್ಕದಲ್ಲೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜರ್ಮನಿಯಲ್ಲಿ ಆರನೇ ಹುಟ್ಟುಹಬ್ಬದಿಂದ ಟಿಕೆಟ್ ಬೇಕು; ಲಂಡನ್ನಿನಲ್ಲಿ ಹನ್ನೊಂದು ತುಂಬಿದವರು ಬಸ್ಸಿನಲ್ಲಿ ಉಚಿತವಾಗಿ ಹೋಗಲು ಫೋಟೊ ಇರುವ ಕಾರ್ಡು ಬೇಕು. ಅರ್ಜಿ ಹಾಕಿ ಕಾರ್ಡು ಅಂಚೆಯಲ್ಲಿ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಹುಟ್ಟುಹಬ್ಬಕ್ಕೆ ಒಂದು ತಿಂಗಳು ಇರುವಾಗಲೇ ಅರ್ಜಿ ಹಾಕಿ.